ಮಂಚದಡಿಯ ಹನ್ನೊಂದು ಗರಗಸಗಳು

ಕೆಲವರಿಗೆ ದಾರಿಯಲ್ಲಿ ದುಡ್ಡು ಸಿಗುತ್ತದೆ, ಕೆಲವರಿಗೆ ಹಳೆಯ ಗೆಳೆಯರು ಸಿಗುತ್ತಾರೆ. ನನಗೆ ಸಿಗುವುದು ನಗೆಪಾಟಲು ಮಾತ್ರ. ತಿಂಗಳಿಗೆ ಒಂದಾದರೂ ಆಗಲೇಬೇಕು, ಇಲ್ಲದಿದ್ದರೆ ನನ್ನ ಹೆಂಡತಿ "ಈ ತಿಂಗಳು ಎಂತ, ಹುಷಾರಿಲ್ಲವಾ?" ಅಂತ ಕೇಳುತ್ತಾಳೆ.

ನಾನು ಸೀರೆ ಅಂಗಡಿಯವ. ಮುಂಬೈಯ ಮಾಟುಂಗದ ಒಂದು ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಬಿಳಿ ಗಾದಿಯ ಮೇಲೆ ಕೂತು "ಅಂಚು ನೋಡಿ ಅಮ್ಮ, ಸೆರಗು ನೋಡಿ ಅಮ್ಮ" ಅನ್ನುವುದೇ ಉದ್ಯೋಗ. ಸ್ವರ ಮೆತ್ತಗೆ, ಕೈ ಅದಕ್ಕಿಂತ ಮೆತ್ತಗೆ. ಅಂಥವನಿಗೆ ಹಳೆಯ ಚೈನ್ ಗರಗಸಗಳ ಹುಚ್ಚು ಹೇಗೆ ಹಿಡಿಯಿತು ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಪೆಟ್ರೋಲ್ ಕುಡಿದು, ಹಗ್ಗ ಎಳೆದರೆ ಗುರ್ರೆಂದು ಎದ್ದು, ಆನೆಯಂಥ ಮರವನ್ನು ಮಲಗಿಸುವ ಮೆಷಿನ್ ಉಂಟಲ್ಲ, ಅದು. ಐವತ್ತು ವರ್ಷ ಹಳೆಯದಾದರೆ ಅದರ ಬಣ್ಣಕ್ಕೊಂದು ಮಂಕು ಬರುತ್ತದೆ, ಹಿಡಿಯ ಮೇಲೆ ಯಾರದ್ದೋ ಬೆರಳು ಸವೆಸಿದ ಗುರುತು ಇರುತ್ತದೆ. ನಾನು ಕಣ್ಣು ಮುಚ್ಚಿ ಆ ಗುರುತಿನ ಮೇಲೆ ನನ್ನ ಬೆರಳು ಇಟ್ಟರೆ ಸಾಕು, ನಾನು ಕಾಲಿಡದ ಯಾವುದೋ ದೇಶದ ತಣ್ಣನೆಯ ಕಾಡಿಗೆ ಹೋಗಿಬಿಡುತ್ತೇನೆ. ಅಲ್ಲಿ ಮಂಜು, ಉದ್ದುದ್ದ ಮರ, ಬಾಯಿಂದ ಹೊಗೆ ಬಿಡುತ್ತ ನಡೆಯುವ ಜನ. "ಹಾಲು ಉಕ್ಕಿತು, ಗ್ಯಾಸ್ ಆರಿಸಿ" ಅನ್ನುವ ಕೂಗು ಕೇಳಿದ ಮೇಲೆಯೇ ಸಯನ್‌ನ ಮನೆಗೆ ವಾಪಸು.

ಒಂದು ರೂಮು, ಒಂದು ಅಡುಗೆಮನೆಯ ನಮ್ಮ ಮನೆಯಲ್ಲಿ ಮಂಚದಡಿ ಇಂಥವು ಹನ್ನೊಂದು. ಇಷ್ಟು ವರ್ಷ ಹೇಗೋ ನಡೆಯಿತು. ಆದರೆ ಈ ವರ್ಷ ಚೌತಿಯ ಗಣಪತಿ ನಮ್ಮ ಮನೆಗೆ. ನಾವು ಅಣ್ಣತಮ್ಮಂದಿರು ಮೂವರು, ಇಷ್ಟು ವರ್ಷ ಅಣ್ಣನ ಮನೆಯಲ್ಲೇ ಕೂರುತ್ತಿದ್ದ ಗಣಪತಿಯನ್ನು ಈಗ ಸರದಿಯ ಪ್ರಕಾರ ಕೂರಿಸುತ್ತೇವೆ. ಮಂಚ ಪಕ್ಕದ ಮನೆಗೆ ಹೋಗಬೇಕು, ಮಂಚ ಹೋದರೆ ಅದರ ಅಡಿಯಲ್ಲಿದ್ದದ್ದು ಬಯಲಿಗೆ ಬರುತ್ತದೆ. ನನ್ನ ಹೆಂಡತಿ ಆಷಾಢದಲ್ಲೇ ತೀರ್ಪು ಕೊಟ್ಟಳು: "ಚೌತಿಯ ಒಳಗೆ ಈ ಹನ್ನೊಂದರಲ್ಲಿ ಒಂದಾದರೂ ಒಂದು ಕೆಲಸಕ್ಕೆ ಬಂದರೆ ಎಲ್ಲವೂ ಇರಲಿ. ಇಲ್ಲದಿದ್ದರೆ ಎಲ್ಲವೂ ಗುಜರಿಗೆ, ಕುರ್ಲಾದ ಭಂಗಾರಿನವನಿಗೆ. ಇಷ್ಟು ವರ್ಷದಲ್ಲಿ ಇವು ಒಂದು ನುಗ್ಗೆಕಾಯಿ ಕೊಯ್ದದ್ದುಂಟಾ?"

ಇರಲಿಲ್ಲ ಮಾರಾಯ್ರೆ. ಅದೇ ಸಂಕಟ. ಮುಂಬೈಯಲ್ಲಿ ಒಂದು ಕೊಂಬೆ ಕಡಿಯಬೇಕಾದರೂ ಮುನಿಸಿಪಾಲಿಟಿಯ ಪರವಾನಗಿ ಬೇಕು. ನಾನು ಹನ್ನೊಂದು ಗರಗಸದ ಯಜಮಾನ, ಒಂದು ಕಡ್ಡಿ ಕೊಯ್ದವನಲ್ಲ.

ತುಳಸಿ

ಮೊದಲನೆಯದು ಸಿಕ್ಕಿದ್ದು ಕುರ್ಲಾದಲ್ಲಿ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಹಳೆಯದೊಂದು ಹಿತ್ತಾಳೆ ನಲ್ಲಿ ತರುತ್ತೇನೆ ಅಂತ ಹೋದವ. ಭಂಗಾರಿನವನ ರಾಶಿಯಲ್ಲಿ ಫ್ಯಾನುಗಳ ನಡುವೆ ಅದು ಮಲಗಿತ್ತು. ಕಿತ್ತಳೆ ಬಣ್ಣ, ಮಳೆನೀರು ಕುಡಿದು ಕುಡಿದು ಮಾಗಿದ ಕಿತ್ತಳೆ. ಅಂಥ ಬಣ್ಣದ ರೇಷ್ಮೆ ಸಿಕ್ಕಿದರೆ ನಾನು ಗಿರಾಕಿಗೆ ತೋರಿಸುವುದೇ ಇಲ್ಲ, ಅಡಗಿಸಿ ಇಡುತ್ತೇನೆ.

"ಜಹಾಜ್ ಕಾ ಮಾಲ್ ಹೈ ಸೇಠ್," ಅಂದ ಅವನು. ಹಡಗಿನಲ್ಲಿ ಬಂದದ್ದಂತೆ. ನನಗೆ ಅಷ್ಟು ಸಾಕಾಯಿತು. ಸಮುದ್ರ, ಹಡಗು, ಆಚೆ ದಡದ ಕಾಡು, ಎಲ್ಲ ಕಣ್ಣ ಮುಂದೆ ಬಂತು. ನಲ್ಲಿ ಮರೆತುಹೋಯಿತು.

ಮನೆಗೆ ತಂದು ರೂಮಿನ ನಡುವೆ ಇಟ್ಟೆ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುತ್ತ ಒಂದು ಪ್ರದಕ್ಷಿಣೆ ಬಂದಳು.

"ಎಂತ ಇದು?"

"ಮರ ಕೊಯ್ಯುವ ಮೆಷಿನ್."

"ಮೂರನೇ ಮಾಳಿಗೆಯಲ್ಲಿ ನಮಗೆ ಮರ ಎಲ್ಲುಂಟು?"

ನಾನು ಇನ್ನೂ ಕಾಡಿನಲ್ಲೇ ಇದ್ದೆ. ಕನಸಿನಲ್ಲಿ ಹೇಳಿದ ಹಾಗೆ ಹೇಳಿಬಿಟ್ಟೆ, "ಬಾಲ್ಕನಿಯಲ್ಲಿ ತುಳಸಿ ಉಂಟಲ್ಲ?"

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ತುಳಸಿಕಟ್ಟೆ ಪಕ್ಕದ ಮನೆಯವರ ಬಾಲ್ಕನಿಗೆ ಹೋಗಿಯಾಗಿತ್ತು. ಒಂದು ವರ್ಷ ಅವಳು ದಿನಾ ಅವರ ಮನೆಯ ಬೆಲ್ ಒತ್ತಿ ನೀರು ಹಾಕಿ ಬಂದಳು.

ನೋಡಲಿಕ್ಕೆ

ನಾಲ್ಕನೆಯದನ್ನು ಲೋಕಲ್‌ನಲ್ಲಿ ತರುವಾಗ ಆದದ್ದು ಇದು. ನಮ್ಮ ಅಂಗಡಿಯ ಹೆಸರು ಬರೆದ ಗುಲಾಬಿ ಬಣ್ಣದ ಕೈಚೀಲದಲ್ಲಿ ಹಾಕಿಕೊಂಡು, ಒಳ್ಳೆಯ ಮಲ್‌ಮಲ್ ಬಟ್ಟೆ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಟ್ಯಾಂಕಿಯಲ್ಲಿ ಒಂದು ಹನಿ ಪೆಟ್ರೋಲ್ ಇರಲಿಲ್ಲ, ಹಳೆಯ ವಾಸನೆ ಮಾತ್ರ. ಆ ವಾಸನೆಗೆ ನನಗೆ ಜೋಂಪು ಹತ್ತಿತು. ಎದ್ದಾಗ ಸಯನ್ ದಾಟಿ ಎರಡು ಸ್ಟೇಷನ್ ಮುಂದೆ. ಇಳಿದು ವಾಪಸು ಹೋಗಲು ಸೇತುವೆ ಹತ್ತಿದರೆ ಅಲ್ಲಿ ಪೊಲೀಸಿನವರೊಬ್ಬರು ಚೀಲ ತಪಾಸಣೆ ಮಾಡುತ್ತಿದ್ದರು.

ಬಟ್ಟೆ ಸರಿಸಿದರು, ಹಲ್ಲು ಕಂಡಿತು. ಅವರ ಮೀಸೆ ನೆಟ್ಟಗಾಯಿತು.

"ಯೇ ಕಾಟ್‌ನೇ ಕಾ ಹೈ?" ಅಂದರು. ಕೊಯ್ಯುವುದಾ ಇದು ಅಂತ.

"ನಹೀ ಸಾಹೇಬ್, ದೇಖ್‌ನೇ ಕಾ." ಅಲ್ಲ ಸಾಹೇಬ್ರೆ, ನೋಡಲಿಕ್ಕೆ.

"ಇದರಿಂದ ಯಾವತ್ತಾದರೂ ಏನಾದರೂ ಕೊಯ್ದದ್ದುಂಟಾ?"

"ಇಲ್ಲ."

"ಕೊಯ್ಯಲಿಕ್ಕೆ ಬರುತ್ತದಾ?"

ತಲೆ ತಗ್ಗಿಸಿ ಹೇಳಿದೆ, "ಇಲ್ಲ. ಆದರೆ ಶಬ್ದ ಬಹಳ ಚೆಂದ ಸಾಹೇಬ್, ಒಮ್ಮೆ ಹಗ್ಗ ಎಳೆಯಲಾ?"

ಅವರು ತಾವೇ ಬಟ್ಟೆ ಮುಚ್ಚಿ ಚೀಲ ಕೈಗೆ ಕೊಟ್ಟರು. "ಆಯುಧ ಸಿಕ್ಕಿದ ಪ್ರತಿಯೊಬ್ಬನೂ ನೋಡಲಿಕ್ಕೆ ಇಟ್ಟುಕೊಂಡದ್ದು ಅಂತಲೇ ಹೇಳುವುದು ಕಾಕಾ," ಅಂದರು ಹಿಂದಿಯಲ್ಲಿ. "ಸರ್ವೀಸಿನಲ್ಲಿ ನಂಬಿದ್ದು ನಿಮ್ಮೊಬ್ಬರನ್ನೇ. ಮನೆಯಲ್ಲಿ ಯಾರಾದರೂ ಉಂಟಲ್ಲ ನೋಡಿಕೊಳ್ಳಲಿಕ್ಕೆ?"

ಕಣ್ಣು ಮುಚ್ಚಿ ಕೇಳುವುದು

ಹುಚ್ಚು ಒಬ್ಬನಿಗೇ ಇರುವುದಿಲ್ಲ ಅನ್ನುವುದು ದೇವರ ದೊಡ್ಡ ದಯೆ. ನನ್ನ ಹಾಗೆ ಇನ್ನಿಬ್ಬರಿದ್ದಾರೆ. ಒಬ್ಬರು ಮಾಟುಂಗದಲ್ಲಿ ಹೋಟೆಲು ನಡೆಸುವ ನಮ್ಮ ಊರಿನ ಕಡೆಯ ಧಣಿಗಳು. ಇನ್ನೊಬ್ಬರು ಸಯನ್‌ನಲ್ಲಿ ದವಾಖಾನೆ ಇರುವ, ಧಾರವಾಡ ಕಡೆಯ ಹಲ್ಲಿನ ಡಾಕ್ಟರು. ಭಾನುವಾರ ಮಧ್ಯಾಹ್ನ ಹೋಟೆಲಿನ ಮಾಳಿಗೆಯ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಮೇಲೆ ಕೂತು ನಮ್ಮ ಸಭೆ. ಧಣಿಗಳ ಹತ್ತಿರ ಆರು, ಡಾಕ್ಟರ ಹತ್ತಿರ ಏಳು. ತೂಕ, ಬಣ್ಣ, ಹಿಡಿಯ ವಾಲು ಎಲ್ಲ ಹೋಲಿಸಿ ನೋಡುವುದು, ಒಬ್ಬರದ್ದಕ್ಕೆ ಇನ್ನೊಬ್ಬರು ಸಣ್ಣ ಕೊಂಕು ತೆಗೆಯುವುದು.

ಅದರಲ್ಲಿ ದೊಡ್ಡ ಪರೀಕ್ಷೆ ಅಂದರೆ ಕಣ್ಣು ಮುಚ್ಚಿ ಶಬ್ದ ಕೇಳುವುದು. ಪೆಟ್ರೋಲ್ ಹಾಕುವ ಹಾಗಿಲ್ಲ, ಕೆಳಗೆ ಜನ ಊಟ ಮಾಡುತ್ತಿರುತ್ತಾರೆ. ಬರೀ ಹಗ್ಗ ಎಳೆಯಬೇಕು, ಒಳಗೆ ಪಿಸ್ಟನ್ ಮಗ್ಗುಲು ಬದಲಿಸುವ ಸದ್ದು ಬರುತ್ತದೆ, ಅದರಿಂದಲೇ ಯಾವ ದೇಶದ್ದು, ಯಾವ ಕಾಲದ್ದು ಅಂತ ಹೇಳಬೇಕು.

ಒಂದು ಭಾನುವಾರ ಮೂವರೂ ಕಣ್ಣು ಮುಚ್ಚಿ ಕೂತಿದ್ದೆವು. ಧಣಿಗಳು ಹಗ್ಗ ಎಳೆಯಬೇಕು. ಸ್ವಲ್ಪ ಹೊತ್ತಿಗೆ ಗುರ್ ಗುರ್ ಗುರ್ ಅಂತ ಶುರುವಾಯಿತು. ಎಂಥ ನಾದ ಮಾರಾಯ್ರೆ! ನಿಲ್ಲುವುದೇ ಇಲ್ಲ. ನನ್ನ ಮೈಮೇಲೆ ಮಂಜು ಬಿದ್ದ ಹಾಗಾಯಿತು.

"ಆಹಾ," ಅಂದರು ಡಾಕ್ಟರು, "ಇದು ಪರದೇಶದ್ದ ಖರೇ ನೋಡ್ರಿ. ಸ್ವೀಡನ್ ಇರಬೇಕು. ಏನು ಗತ್ತೈತಿ ಅದಕ್ಕ!"

"ಅರವತ್ತರ ದಶಕ," ಅಂದೆ ನಾನು. "ಇಂಥದ್ದು ಈಗ ಮಾಡುವುದೇ ಇಲ್ಲ."

"ನಮ್ಮಲ್ಲಿ ಇಂಥದ್ದು ಇದೆ ಅಂತ ನನಗೇ ಗೊತ್ತಿರಲಿಲ್ಲ," ಅಂದರು ಧಣಿಗಳು ಗದ್ಗದಿತರಾಗಿ.

ಆಗ ನನಗೆ ಸಂಶಯ ಬಂತು. ಕಣ್ಣು ಬಿಟ್ಟು ನೋಡಿದರೆ ಧಣಿಗಳ ಎರಡೂ ಕೈ ತೊಡೆಯ ಮೇಲೆ ಉಂಟು. ಬಾಗಿಲಲ್ಲಿ ಅಡುಗೆ ಭಟ್ಟರು ಸೌಟು ಹಿಡಿದು ನಿಂತಿದ್ದಾರೆ.

"ಧಣಿ, ಅದು ಕೆಳಗಿನ ಗ್ರೈಂಡರ್," ಅಂದರು ಭಟ್ಟರು. "ಸ್ವೀಡನ್ನಿನದ್ದಲ್ಲ, ಕೊಯಮತ್ತೂರಿನದ್ದು. ಉದ್ದು ಹಾಕಿದ್ದೇನೆ. ನಾಳೆಯ ಇಡ್ಲಿಗೆ ಅಕ್ಕಿ ಎಷ್ಟು ಅಂತ ಕೇಳಲಿಕ್ಕೆ ಬಂದೆ."

ಒಂದ ಹಲ್ಲು

ಡಾಕ್ಟರಿಗೆ ಗರಗಸದ ಹಲ್ಲುಗಳ ಮೇಲೆ ವಿಶೇಷ ಪ್ರೀತಿ. ರೋಗಿಗಳಿಲ್ಲದ ಹೊತ್ತಿನಲ್ಲಿ ಗರಗಸವನ್ನು ಟೇಬಲ್ ಮೇಲೆ ಇಟ್ಟುಕೊಂಡು ಸಣ್ಣ ಬ್ರಷ್‌ನಿಂದ ಒಂದೊಂದೇ ಹಲ್ಲು ಉಜ್ಜುತ್ತಾರೆ. ನಾನೂ ಒಮ್ಮೊಮ್ಮೆ ಅಂಗಡಿಯಿಂದ ಬರುವಾಗ ಹೋಗಿ ಎದುರು ಕೂರುತ್ತೇನೆ. ಫ್ಯಾನ್ ತಿರುಗುತ್ತಿರುತ್ತದೆ, ಬ್ರಷ್‌ನ ಸರಸರ, ಇಬ್ಬರಿಗೂ ಮಾತು ಬೇಡ.

ಅಂಥದ್ದೊಂದು ಸಂಜೆ ಕುರ್ಲಾದಿಂದ ಒಬ್ಬ ಅಜ್ಜಿ ಬಂದಳು. ಬಾಗಲಕೋಟೆ ಕಡೆಯವಳು, ಮಗ ಬಿಲ್ಡಿಂಗ್ ಕೆಲಸದಲ್ಲಿ. ಕಂಪೌಂಡರ್ ಹೊರಗೆ ಹೋಗಿದ್ದ, ತಡೆಯುವವರು ಇಲ್ಲ. ಅವಳು ಪರದೆ ಸರಿಸಿದ್ದಕ್ಕೂ ಡಾಕ್ಟರು ಗರಗಸ ಎತ್ತಿ ಬೆಳಕಿಗೆ ಹಿಡಿದು "ಇವತ್ತ ಇಷ್ಟೂ ಹಲ್ಲು ಮುಗಿಸಿಬಿಡೂದ ನೋಡ್ರಿ, ಒಂದೂ ಬಿಡಂಗಿಲ್ಲ" ಅಂದದ್ದಕ್ಕೂ ಸರಿಹೋಯಿತು.

ಅಜ್ಜಿ ಓಡಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಳು. ಆಮೇಲೆ ಬಹಳ ನಯವಾಗಿ ಕೇಳಿದಳು:

"ಯಪ್ಪಾ, ನಂದು ಇರೂದ ಒಂದ ಹಲ್ಲು. ಸಣ್ಣ ಮಿಷನ್ ಇಲ್ಲೇನು?"

ಕಲ್ಲು

ಶ್ರಾವಣ ಬಂತು, ಚೌತಿ ಹತ್ತಿರವಾಯಿತು, ನನಗೆ ನಿದ್ದೆ ಹಾರಿತು. ಹೇಗಾದರೂ ಮಾಡಿ ಒಂದನ್ನು ಉಪಯೋಗಕ್ಕೆ ತರಲೇಬೇಕಿತ್ತು. ಗಾಳಿಗೆ ಬಡಿಯುವ ಬಾಗಿಲಿಗೆ ಒಂದನ್ನು ಅಡ್ಡ ಇಟ್ಟೆ. ಹೆಂಡತಿ ಎಡವಿ ನನಗೆ ಬೈದಳು. ಇನ್ನೊಂದರ, ಹಲ್ಲಿನ ಚೈನ್ ಸುತ್ತಿದ ಉದ್ದ ಪಟ್ಟಿಯ ಮೇಲೆ ಒದ್ದೆ ಟವಲ್ ಹರವಿದೆ. ಟವಲ್‌ಗೆ ಸಾಲಾಗಿ ತೂತು ಬಿತ್ತು. ಕಡೆಗೆ ಅವಳು ಮಿಡಿಮಾವಿನ ಉಪ್ಪಿನಕಾಯಿ ಭರಣಿಯ ಮೇಲೆ ಭಾರ ಇಡಬೇಕು ಅಂದಾಗ, ಒಂದನ್ನು ತೊಳೆದು ಒರೆಸಿ ಎತ್ತಿ ಇಟ್ಟೆ. ಸರಿಯಾಗಿ ಕೂತಿತು ಕೂಡ. ಗೆದ್ದೆ ಅಂದುಕೊಂಡೆ.

ಅವಳು ಅಡುಗೆಮನೆಯಿಂದಲೇ ಹೇಳಿದಳು, "ಇದಕ್ಕೆ ಒಂದು ಕಲ್ಲು ಸಾಕು. ಕಲ್ಲನ್ನು ಭಾನುವಾರ ಮಾಟುಂಗಕ್ಕೆ ಕರೆದುಕೊಂಡು ಹೋಗಬೇಕು ಅಂತಿಲ್ಲ."

ಗುಲ್‌ಮೊಹರ್

ಚೌತಿಗೆ ಮೂರು ದಿನ ಇತ್ತು. ರಾತ್ರಿಯಿಡೀ ಮಳೆ ಗಾಳಿ. ಬೆಳಿಗ್ಗೆ ಹಾಲು ತರಲು ಇಳಿದವರು ಕೂಗಿಕೊಂಡರು. ಬಿಲ್ಡಿಂಗ್‌ನ ಗೇಟಿಗೆ ಅಡ್ಡವಾಗಿ ಗುಲ್‌ಮೊಹರ್ ಮರ ಮಲಗಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ, ಆದರೆ ಒಂದು ಸ್ಕೂಟರ್ ಕೂಡ ಹೊರಗೆ ಹೋಗುವ ಹಾಗಿಲ್ಲ. ಸೆಕ್ರೆಟರಿ ಮುನಿಸಿಪಾಲಿಟಿಗೆ ಫೋನ್ ಮಾಡಿದರೆ, ಎಲ್ಲ ಕಡೆ ಮರ ಬಿದ್ದಿದೆ, ನಮ್ಮವರು ಬರುವಾಗ ಸಂಜೆಯಾಗಬಹುದು, ಬಿದ್ದದ್ದನ್ನು ನೀವೇ ಕೊಯ್ದು ದಾರಿ ಬಿಡಿಸಿಕೊಂಡರೆ ಅಡ್ಡಿಯಿಲ್ಲ ಅಂದರಂತೆ.

ಸೆಕ್ರೆಟರಿ ಮೂರು ಮಾಳಿಗೆ ಹತ್ತಿ ಬಂದರು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಅಂಕಲ್, ಆಪ್ ಕೇ ಪಾಸ್ ವೋ ಹೈ ನಾ?" ಅಂದರು.

ನಿಮ್ಮ ಹತ್ತಿರ ಅದು ಉಂಟಲ್ಲ! ಈ ಒಂದು ಮಾತು ಕೇಳಲಿಕ್ಕೆ ನಾನು ಎಷ್ಟು ವರ್ಷ ಕಾದಿದ್ದೆ. ನನ್ನ ಕಣ್ಣು ತುಂಬಿತು. ಹಿಂದಿರುಗಿ ನೋಡಿದರೆ ಹೆಂಡತಿ ಕೈಕಟ್ಟಿ ನಿಂತಿದ್ದಳು. "ಹೋಗಿ," ಅಂದಳು. "ಒಂದು ಕೊಯ್ದರೆ ಹನ್ನೊಂದೂ ನಿಮ್ಮದು."

ಧಣಿಗಳಿಗೂ ಡಾಕ್ಟರಿಗೂ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೊಂದು ಗರಗಸ, ಡಬ್ಬಿಯಲ್ಲಿ ಪೆಟ್ರೋಲ್, ಎಣ್ಣೆ ಸಮೇತ ಬಂದರು. ಬಂದವರು ಮರ ನೋಡಬೇಕೋ ಬೇಡವೋ? ಮೊದಲ ಮಾನ ಯಾರ ಗರಗಸಕ್ಕೆ ಅಂತ ಕೊಡೆ ಹಿಡಿದು ಚರ್ಚೆ ಶುರು. "ನಂದು ಹಗುರ ಐತ್ರಿ" ಅಂತ ಡಾಕ್ಟರು, "ನನ್ನದು ಉದ್ದ ಮಾರಾಯ್ರೆ" ಅಂತ ಧಣಿಗಳು. ಆಫೀಸಿಗೆ ಹೋಗಬೇಕಾದ ಇಡೀ ಬಿಲ್ಡಿಂಗ್ ಗೇಟಿನೊಳಗೆ ನಿಂತಿದೆ. ಕಡೆಗೆ ಮರ ನಮ್ಮ ಬಿಲ್ಡಿಂಗಿನದ್ದು, ಆದ್ದರಿಂದ ಮಾನ ನನ್ನ ಕಿತ್ತಳೆಗೆ ಅಂತ ತೀರ್ಮಾನವಾಯಿತು.

ಹಗ್ಗ ಎಳೆದೆ. ಇಲ್ಲ. ಮತ್ತೆ ಎಳೆದೆ. ಜನ ಒಟ್ಟಾಗಿ ಎಣಿಸತೊಡಗಿದರು. ಹದಿನಾಲ್ಕನೆಯ ಸಲಕ್ಕೆ ಅದು ಕೆಮ್ಮಿತು, ನೀಲಿ ಹೊಗೆ ಬಿಟ್ಟಿತು, ಎದ್ದಿತು! ಅಯ್ಯೋ, ಆ ಶಬ್ದ ಹೇಗೆ ಹೇಳಲಿ? ಎದೆಯ ಒಳಗೇ ಬಂತು. ಮಳೆಹನಿ ಬಿಸಿ ಮೆಷಿನ್ ಮೇಲೆ ಬಿದ್ದು ಆವಿಯಾಗುತ್ತಿತ್ತು, ಸುತ್ತ ಬಿಳಿ ಮಂಜು. ಗೇಟಿಲ್ಲ, ಸ್ಕೂಟರಿಲ್ಲ, ಸಯನ್ ಇಲ್ಲ. ನಾನು ನನ್ನ ಕಾಡಿನಲ್ಲಿದ್ದೆ. ಪಟ್ಟಿಯನ್ನು ಮರದ ಮೇಲೆ ಇಟ್ಟು ನಿಂತೆ, ಬದುಕಿನಲ್ಲಿ ಇಷ್ಟು ಸುಖ ಇನ್ನೊಂದಿಲ್ಲ ಅನ್ನಿಸಿತು.

ಎಷ್ಟು ಹೊತ್ತಾಯಿತೋ. ಡಾಕ್ಟರು ಭುಜ ತಟ್ಟಿದರು. ನೋಡಿದರೆ ಮರ ಹಾಗೇ ಉಂಟು. ಗರಗಸ ಇಟ್ಟ ಕಡೆ ತೊಗಟೆ ಹೋಗಿ ಮರ ಫಳಫಳ ಹೊಳೆಯುತ್ತಿತ್ತು, ಸ್ವಲ್ಪ ಸುಟ್ಟ ವಾಸನೆ ಬೇರೆ.

"ಪರದೇಶದ ಗರಗಸ, ದೇಶಿ ಕಟಗಿ. ಹೊಂದಾಣಿಕಿ ಆಗವಲ್ದು," ಅಂದರು ಡಾಕ್ಟರು. ತಮ್ಮದನ್ನು ಇಟ್ಟರು. ಅದೂ ಉಜ್ಜಿತು. ಧಣಿಗಳದ್ದು ಇನ್ನೂ ಚೆನ್ನಾಗಿ ಉಜ್ಜಿತು. "ಅಂಕಲ್, ಪಾಲಿಶ್ ನಹೀ ಚಾಹಿಯೇ," ಅಂದರು ಸೆಕ್ರೆಟರಿ. ಪಾಲಿಶ್ ಬೇಡ, ದಾರಿ ಬೇಕು ಅಂತ. ಹನ್ನೊಂದೂ ಕುರ್ಲಾದ ದಾರಿ ಹಿಡಿದದ್ದು ಕಣ್ಣಿಗೆ ಕಂಡಿತು.

ಆಗ ನನ್ನ ಹೆಂಡತಿ ಕೊಡೆ ಹಿಡಿದು ಇಳಿದು ಬಂದಳು. "ಆರಿಸಿ ಅದನ್ನು" ಅಂದಳು. ಆರಿಸಿದೆ. ಬಗ್ಗಿ, ಬಿಸಿ ಇಳಿಯುವವರೆಗೆ ಕಾದು, ಚೈನಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ದಿನಾ ಮೆಟ್ಟುಕತ್ತಿಯಲ್ಲಿ ತೆಂಗಿನಕಾಯಿ ಹೆರೆಯುವ ಕೈ ಅದು.

"ಈ ಹಲ್ಲುಗಳು ಎಲ್ಲಿ ನೋಡ್ತಾ ಉಂಟು?" ಅಂದಳು. "ಮೆಷಿನ್ ಓಡುವುದು ಆಚೆಗೆ, ಹಲ್ಲಿನ ಮುಖ ಈಚೆಗೆ. ಬೆನ್ನಿನಿಂದ ಕೊಯ್ಯಲಿಕ್ಕೆ ಆಗ್ತದಾ?"

ಡಾಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು. ಊರಿನವರ ಹಲ್ಲೆಲ್ಲ ನೋಡಿದವರು, ಏಳು ಗರಗಸದ ಹಲ್ಲು ವರ್ಷಗಟ್ಟಲೆ ಬ್ರಷ್‌ನಿಂದ ಉಜ್ಜಿದವರು. "ಹೌದಲ್ರೀ ಅಕ್ಕಾರ," ಅಂದರು ಸಣ್ಣ ಸ್ವರದಲ್ಲಿ.

ಅಲ್ಲಿಗೆ ನನಗೆ ಎಲ್ಲ ಹೊಳೆಯಿತು. ಭಂಗಾರಿನವ ಚೈನನ್ನು ಉಲ್ಟಾ ಸಿಕ್ಕಿಸಿ ಕೊಟ್ಟಿದ್ದ. ನಾನು ಅದನ್ನೇ ಕಂಪನಿಯ ಅಸಲಿ ಜೋಡಣೆ ಅಂತ ನಂಬಿದ್ದೆ. ಆಮೇಲೆ ಬಂದವುಗಳಲ್ಲಿ ಸರಿ ಇದ್ದದ್ದನ್ನೂ ಮೂವರೂ ಕೂತು "ಯಾರೋ ಹಾಳು ಮಾಡಿದ್ದಾರೆ" ಅಂತ ಮರುಗಿ, ತಿರುಗಿಸಿ ಸರಿ ಮಾಡಿದ್ದೆವು. ಒಮ್ಮೆ ಮರದ ಮಿಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ತಮ್ಮ ಗರಗಸ ಹಿಡಿದುಕೊಂಡು ಸಭೆಗೆ ಬಂದಿದ್ದರು. ಅವರಿಗೆ ಏನೂ ಗೊತ್ತಿಲ್ಲ ಅಂತ ನಕ್ಕು, ಒಂದು ಕಾಫಿ ಕುಡಿಸಿ, ಅವರ ಚೈನನ್ನೂ ಉಲ್ಟಾ ಮಾಡಿ ಕಳಿಸಿದ್ದೆವು. ಅವರು ಮತ್ತೆ ಯಾಕೆ ಬರಲಿಲ್ಲ ಅಂತ ನಾವು ಬೇಜಾರು ಮಾಡಿಕೊಂಡದ್ದೂ ಉಂಟು.

ಧಣಿಗಳು ಎರಡು ನಟ್ಟು ಬಿಚ್ಚಿ ಚೈನ್ ತಿರುಗಿಸಿ ಹಾಕಿದರು. ಮತ್ತೆ ಎಳೆದೆ. ಈ ಸಲ ಮರ ಬಾಳೆದಿಂಡಿನ ಹಾಗೆ ಕೊಯ್ದುಕೊಂಡು ಹೋಯಿತು. ಹಸಿ ಮರದ ಪುಡಿ ನನ್ನ ಮೈಮೇಲೆಲ್ಲ ಹಾರಿತು, ಜನ ಚಪ್ಪಾಳೆ ಹೊಡೆದರು, ಸ್ಕೂಟರುಗಳು ಹೊರಟವು. ಸೆಕ್ರೆಟರಿ ಮಾತ್ರ ನನ್ನನ್ನು ಬಿಟ್ಟು ನನ್ನ ಹೆಂಡತಿಗೆ ನಮಸ್ಕಾರ ಮಾಡಿದರು.

ಮನೆಗೆ ಬಂದು ನಾನು ಮಂಚದಡಿ ಬಗ್ಗಿದೆ. ಹತ್ತನ್ನೂ ಒಂದೊಂದಾಗಿ ಎಳೆದು ನೋಡಿದೆ. ಹತ್ತೂ ಉಲ್ಟಾ. ಪಾನಾ ತೆಗೆದುಕೊಂಡು ಕೈಗೆ ಸಿಕ್ಕಿದ ಒಂದರ ನಟ್ಟಿಗೆ ಕೈ ಹಾಕಿದೆ.

"ಎಂತ ಮಾಡ್ತೀರಿ?" ಅಂದಳು.

"ಸರಿ ಮಾಡ್ತೇನೆ. ಮಾತು ಕೊಟ್ಟಿದ್ದೀಯಲ್ಲ, ಒಂದು ಕೊಯ್ದರೆ ಎಲ್ಲವೂ ಇರಲಿ ಅಂತ. ಎಲ್ಲವೂ ಕೊಯ್ಯುವ ಹಾಗೆ ಮಾಡಿಯೇ ಇಡ್ತೇನೆ."

"ಬೇಡ. ಹಾಗೇ ಇರಲಿ. ಗೋಡೆಗೆ ಒತ್ತಿ ಎರಡು ಸಾಲು ಇಟ್ಟು, ಮೇಲೆ ಹಲಗೆ ಹಾಕಿ, ನಿಮ್ಮ ಅಂಗಡಿಯದ್ದೊಂದು ರೇಷ್ಮೆ ಹೊದಿಸಿದರೆ ಗಣಪತಿಗೆ ಮಂಟಪ ಆಯ್ತು."

ನನಗೆ ನಂಬಿಕೆಯೇ ಬರಲಿಲ್ಲ. "ನಿನಗೆ ಇವನ್ನು ಕಂಡರೆ ಆಗುತ್ತಿರಲಿಲ್ಲವಲ್ಲ?"

"ಹಲ್ಲು ನೋಡಿ ಹೆದರಿಕೆ ಇತ್ತು. ಇವತ್ತು ಗೊತ್ತಾಯ್ತಲ್ಲ, ಗುರ್ ಅಂತ ಶಬ್ದ ಮಾಡ್ತವೆ, ಹೊಗೆ ಬಿಡ್ತವೆ, ಕೊಯ್ಯುವುದು ಎಂತದ್ದೂ ಇಲ್ಲ," ಅಂದಳು ಅವಳು, ನನ್ನ ತಲೆಯ ಮೇಲಿನ ಮರದ ಪುಡಿ ಕೊಡವುತ್ತ. "ಅಂಥದ್ದೊಂದನ್ನು ಮೂವತ್ತು ವರ್ಷದಿಂದ ಸಾಕಿದ್ದೇನೆ. ಇನ್ನು ಹತ್ತು ನನಗೆ ಭಾರವಾ?"